ಬಾಂಡ್ ಪಾತ್ರದಲ್ಲಿ ಮೋಹಕತೆ ಮತ್ತು ಕ್ರೌರ್ಯ: ಅಭಿನಯದ ಅಧ್ಯಯನ ಟಿಪ್ಪಣಿ

ಜೇಮ್ಸ್ ಬಾಂಡ್ ಪಾತ್ರ ವಹಿಸಿದ ನಟರನ್ನು ಹೋಲಿಸುವಾಗ ಯಾರು ಎಷ್ಟು ಜನರನ್ನು ಕೊಂದರು ಎಂಬ ಲೆಕ್ಕ ಹಿಡಿದು ಪ್ರಯೋಜನವಿಲ್ಲ. ಕೊಲ್ಲುವ ಮುನ್ನ ಮತ್ತು ಕೊಂದ ಮೇಲೆ ನಟನು ಏನು ಮಾಡುತ್ತಾನೆ ಎಂಬುದನ್ನು ಗಮನಿಸಬೇಕು.

1962ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಹಾಸಿಗೆಯ ಮೇಲೆ ದಿಂಬುಗಳಿಗೆ ಹೊದಿಕೆ ಹೊದಿಸಿಟ್ಟು, ಷಾನ್ ಕಾನರಿ ಒಬ್ಬರೇ ಇಸ್ಪೀಟ್ ಆಡುತ್ತ ಕಾಯುವ ದೃಶ್ಯವಿದೆ. ಖಳನಾಯಕನ ಕಡೆಯ ಪ್ರೊಫೆಸರ್ ಡೆಂಟ್ ಬಂದು ಹಾಸಿಗೆಗೆ ಗುಂಡು ಹಾರಿಸುತ್ತಾನೆ, ಸಿಕ್ಕಿಬೀಳುತ್ತಾನೆ, ಮಾತಿನ ನಡುವೆ ನೆಲದ ಮೇಲಿದ್ದ ತನ್ನ ಪಿಸ್ತೂಲನ್ನು ಹಾಸಿನ ಸಮೇತ ಕಾಲಿನಿಂದ ಎಳೆದುಕೊಂಡು ಟ್ರಿಗರ್ ಒತ್ತುತ್ತಾನೆ. ಅದು ಖಾಲಿ. ಆರು ಗುಂಡುಗಳೂ ಮುಗಿದಿರುವುದು ಬಾಂಡ್‌ಗೆ ಗೊತ್ತಿತ್ತು. ಗೊತ್ತಿದ್ದೂ ಎಳೆದುಕೊಳ್ಳಲು ಬಿಟ್ಟಿದ್ದ. ಅನಂತರ ದನಿ ಏರಿಸದೆಯೇ ಅವನನ್ನು ಹೊಡೆದು, ಬೆನ್ನಿಗೆ ಮತ್ತೊಂದು ಗುಂಡು ಹಾಕುತ್ತಾನೆ. ಹೆಣ್ಣಿನೊಡನೆ ಸರಸವಾಡುವಾಗಿನ ನಿರಾತಂಕವೇ ಇಲ್ಲಿಯೂ ಇರುವುದರಿಂದ, ಕಾನರಿಯವರಲ್ಲಿ ಮೋಹಕತೆ ಮತ್ತು ಕ್ರೌರ್ಯವನ್ನು ಬೇರ್ಪಡಿಸುವುದೇ ಕಷ್ಟ.

1973ರಿಂದ 1985ರವರೆಗೆ ಏಳು ಚಿತ್ರಗಳಲ್ಲಿ ನಟಿಸಿದ ರೋಜರ್ ಮೂರ್ ಹುಬ್ಬೇರಿಸಿ, ಚಟಾಕಿ ಹಾರಿಸಿ ಕ್ರೌರ್ಯವನ್ನು ಮರೆಮಾಡುತ್ತಾರೆ. (ಅವರಿಗಿಂತ ಮೊದಲೇ, 1968ರ ‘ಜೇಡರ ಬಲೆ’ಯಲ್ಲಿ ಸಿ.ಐ.ಡಿ. 999 ಆದ ನಮ್ಮ ರಾಜ್‌ಕುಮಾರ್ ಕೂಡ ಸೌಮ್ಯತೆಯ ಕಡೆಗೇ ವಾಲಿದ್ದರು ಎಂಬುದು ನನ್ನ ಅಭಿಪ್ರಾಯ.) ಆದ್ದರಿಂದಲೇ 1981ರ ‘ಫಾರ್ ಯುವರ್ ಐಸ್ ಓನ್ಲಿ’ಯಲ್ಲಿ, ಪ್ರಪಾತದ ಅಂಚಿನಲ್ಲಿ ತೂಗಾಡುತ್ತಿರುವ ಕಾರನ್ನು ಒಳಗಿರುವ ಕೊಲೆಗಾರನ ಸಮೇತ ಅವರು ಒದ್ದು ಬೀಳಿಸಿದಾಗ ನಾವು ಬೆಚ್ಚುತ್ತೇವೆ. ಅದು ತಮ್ಮ ಬಾಂಡ್‌ಗೆ ಒಪ್ಪುವುದಿಲ್ಲವೆಂದು ಮೂರ್ ಹಿಂಜರಿದಿದ್ದರು. ನಿರ್ದೇಶಕ ಜಾನ್ ಗ್ಲೆನ್ ಪಟ್ಟು ಹಿಡಿದರು. ನಿರ್ದೇಶಕರೇ ಸರಿ.

ಟಿಮೊಥಿ ಡಾಲ್ಟನ್ ಅವರಲ್ಲಿ ಸಿಟ್ಟು ಮುಚ್ಚಿಡಲಾಗದಷ್ಟು ಹತ್ತಿರದಲ್ಲಿರುತ್ತದೆ. 1987ರ ‘ದ ಲಿವಿಂಗ್ ಡೇಲೈಟ್ಸ್’ ಚಿತ್ರದಲ್ಲಿ ಸಹೋದ್ಯೋಗಿ ಸತ್ತೊಡನೆ, ಕೊಲೆಗಾರನದೆಂದುಕೊಂಡ ಬಲೂನಿನ ಬೆನ್ನು ಹತ್ತಿ ಓಡಿ ಪಿಸ್ತೂಲು ಚಾಚಿದರೆ, ಎದುರಿಗಿರುವುದು ಒಬ್ಬ ಪುಟ್ಟ ಹುಡುಗ. ಪಿಯರ್ಸ್ ಬ್ರಾಸ್ನನ್ ಮೋಹಕತೆ, ಕ್ರೌರ್ಯ ಎರಡನ್ನೂ ಅಚ್ಚುಕಟ್ಟಾಗಿ ನಿಭಾಯಿಸಿದರೂ, ಒಂದರ ಬಿಸಿ ಇನ್ನೊಂದಕ್ಕೆ ತಾಗುವುದು ಅಪರೂಪ.

2006ರ ‘ಕ್ಯಾಸಿನೊ ರಾಯಲ್’ನಲ್ಲಿ ಡೇನಿಯಲ್ ಕ್ರೇಗ್ ಕ್ರಮವನ್ನೇ ತಿರುಗಿಸುತ್ತಾರೆ. ಮೆಟ್ಟಿಲುಗಳ ಮೇಲೆ ಹೊಡೆದಾಡಿ ಕೊಂದ ಮೇಲೆ ಕೋಣೆಗೆ ಹೋಗಿ, ನೆತ್ತರು ತೊಳೆದುಕೊಂಡು, ವಿಸ್ಕಿ ಗುಟುಕರಿಸಿ ಕನ್ನಡಿಯಲ್ಲಿ ತಮ್ಮನ್ನೇ ದಿಟ್ಟಿಸುತ್ತಾರೆ. ಅಲ್ಲಿ ಮೋಹಕತೆಯೆಂಬುದು ಆಮೇಲೆ ತೊಟ್ಟುಕೊಳ್ಳುವ ಶುಭ್ರವಾದ ಅಂಗಿ. ಇಸ್ಪೀಟ್ ಮೇಜಿಗೆ ಮರಳಿದಾಗ ಎದುರಾಳಿ ಮೊದಲು ಗುರುತಿಸುವುದೂ ಆ ಅಂಗಿ ಬದಲಾಗಿರುವುದನ್ನೇ.