ಪಿಕಪ್ ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ?

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದವರು ಮೊದಲು ಕೇಳುವುದು ಒಂದೇ: ಎಷ್ಟು ಲೀಟರ್ ಎಂಜಿನ್? ದೊಡ್ಡದಾದರೆ ಗಟ್ಟಿ, ಚಿಕ್ಕದಾದರೆ ಮೈಲೇಜು. ಈ ಎರಡು ನಂಬಿಕೆಗಳು ಎಷ್ಟು ಆಳಕ್ಕೆ ಇಳಿದಿವೆ ಅಂದರೆ, ಅದನ್ನಷ್ಟೇ ನಂಬಿ ಜನ ದೊಡ್ಡ ಮೊತ್ತ ಎಣಿಸಿಕೊಟ್ಟು ಬರುತ್ತಾರೆ. ಎರಡರಲ್ಲೂ ಅರ್ಧ ನಿಜ ಮಾತ್ರ ಇದೆ.

ಲೀಟರ್ ಅನ್ನುವುದು ಜಾಗದ ಅಳತೆ. ಎಲ್ಲ ಪಿಸ್ಟನ್‌ಗಳೂ ಮೇಲಿಂದ ಕೆಳಕ್ಕೆ ಒಮ್ಮೆ ಇಳಿದಾಗ ಎಷ್ಟು ಜಾಗ ತೆರವಾಗುತ್ತದೋ ಅಷ್ಟು. ಅದು ಗಾಳಿಗೆ ಇರುವ ಜಾಗ. ನನಗೆ ಎಂಜಿನ್ ಬಗ್ಗೆ ಜಾಸ್ತಿ ಖುಷಿ ಕೊಡುವ ಸಂಗತಿಯೇ ಇದು: ಎಂಜಿನ್ ಅಂದರೆ ಒಂದು ಗಾಳಿ ಪಂಪು. ಪೆಟ್ರೋಲ್ ಸುರಿಯುವುದು ಸುಲಭ. ಅದನ್ನು ಸುಡುವಷ್ಟು ಗಾಳಿ ಒಳಗೆ ತರುವುದೇ ಕಷ್ಟ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. 5 ಲೀಟರ್ ಎಂಜಿನ್ ನಿಮಿಷಕ್ಕೆ 2000 ಸುತ್ತು ಹೊಡೆಯುತ್ತಿದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದೆ ಅಂದುಕೊಳ್ಳಿ. ಎರಡು ಸುತ್ತಿಗೊಮ್ಮೆ 5 ಲೀಟರ್, ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 5000 ಲೀಟರ್ ಗಾಳಿ. ತೂಗಿದರೆ 6 ಕಿಲೋ! ಅದರ ಜೊತೆ ಉರಿಯುವ ಪೆಟ್ರೋಲ್ ಬರೀ 400 ಗ್ರಾಂ.

ಆದರೆ ಖಾಲಿ ಗಾಡಿ ಸಮತಟ್ಟು ರಸ್ತೆಯಲ್ಲಿ ಹೋಗುವಾಗ ಇಷ್ಟೆಲ್ಲ ಗಾಳಿ ಬೇಕಿಲ್ಲ. ಹಾಗಾಗಿ ಥ್ರಾಟಲ್, ಅಂದರೆ ಗಾಳಿ ಒಳಹೋಗುವ ದಾರಿಯ ಕವಾಟ, ಅರೆಬರೆ ಮುಚ್ಚಿಕೊಂಡಿರುತ್ತದೆ. ಒಂದು ಹೊಳ್ಳೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಜೋರಾಗಿ ಉಸಿರೆಳೆದು ನೋಡಿ. ಎದೆಗೆ ಎಷ್ಟು ಶ್ರಮ ಅಲ್ವಾ? ಪಿಸ್ಟನ್‌ಗೂ ಅದೇ ಪಾಡು. ಕಿರಿದಾದ ಸಂದಿಯಿಂದ ಗಾಳಿ ಎಳೆಯುವುದಕ್ಕೇ ಒಂದಿಷ್ಟು ಇಂಧನ ಸುಮ್ನೆ ಖರ್ಚಾಗುತ್ತದೆ. ದೊಡ್ಡ ಪೆಟ್ರೋಲ್ ಎಂಜಿನ್ ಖಾಲಿ ಓಡಾಟದಲ್ಲಿ ಹೆಚ್ಚು ಕುಡಿಯುವುದಕ್ಕೆ ಇದು ಮುಖ್ಯ ಕಾರಣ. ಡೀಸೆಲ್‌ನಲ್ಲಿ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವುದು ಇಂಧನದ ಅಳತೆಯಿಂದ, ಗಾಳಿ ತಡೆದು ಅಲ್ಲ. ಅದಕ್ಕೇ ಅಲ್ಲಿ ಈ ನಷ್ಟ ತುಂಬ ಕಡಿಮೆ.

ಹಾಗಾದರೆ ಚಿಕ್ಕ ಎಂಜಿನ್‌ಗೇ ಗಾಳಿ ಒತ್ತಿ ತುಂಬಿದರೆ? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ, ಅದರಿಂದ ಗಾಳಿ ಒಳಗೆ ತುರುಕುವ ಉಪಾಯ. ಅದೇ ಟರ್ಬೊ. ಫಲ ನೋಡಬೇಕೆಂದರೆ 2011ರ ಫೋರ್ಡ್ ಎಫ್-150 ಪಿಕಪ್ ಸಾಕು. ಅದರ 5 ಲೀಟರ್ ವಿ8 (ಎಂಟು ಸಿಲಿಂಡರಿನ) ಎಂಜಿನ್ 360 ಹಾರ್ಸ್‌ಪವರ್, 3.5 ಲೀಟರ್ ಟರ್ಬೊ ವಿ6 (ಆರು ಸಿಲಿಂಡರಿನ) ಎಂಜಿನ್ 365. ಇಲ್ಲಿಗೆ ಸಮ. ಟಾರ್ಕ್, ಅಂದರೆ ತಿರುಚು ಬಲ ನೋಡಿ: ವಿ8ಗೆ 4250 ಸುತ್ತಿನಲ್ಲಿ ಸುಮಾರು 515 ನ್ಯೂಟನ್ ಮೀಟರ್, ಚಿಕ್ಕದಕ್ಕೆ 2500 ಸುತ್ತಿನಲ್ಲೇ ಸುಮಾರು 570. ಹೊರೆ ಎಳೆಯುವವನಿಗೆ ಬೇಕಾದದ್ದು ಕಡಿಮೆ ಸುತ್ತಿನಲ್ಲಿ ಸಿಗುವ ಈ ತಿರುಚು ಬಲ.

ಹಾರ್ಸ್‌ಪವರ್ ಮೋಹಕ್ಕೂ ಹಳೆಯ ಕಥೆಯಿದೆ. 18ನೇ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿ ಎಂಜಿನ್ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ ಎಂದು ಗಿರಾಕಿಗಳಿಗೆ ತಿಳಿಸಬೇಕಿತ್ತು. ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವ ಕೆಲಸವನ್ನು ಒಂದು ಕುದುರೆಯ ಲೆಕ್ಕ ಎಂದು ಹಿಡಿದ. ಇಂದಿನ ಅಳತೆಯಲ್ಲಿ ಸುಮಾರು 746 ವ್ಯಾಟ್. ಟಾರ್ಕನ್ನು ಸುತ್ತುಗಳಿಂದ ಗುಣಿಸಿದರೆ ಪವರ್. ಆದ್ದರಿಂದ ಎಂಜಿನ್ ಕೂಗುವಷ್ಟು ಸುತ್ತು ಏರಿಸಿದಾಗ ಮಾತ್ರ ಸಿಗುವ ಪವರ್ ಕೂಡ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಸಂಖ್ಯೆಯನ್ನು ಯಾರೂ ಕೇಳುವುದೇ ಇಲ್ಲ. ಆಕ್ಸಲ್ ಅನುಪಾತ: ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಕಡೆಯಿಂದ ಬರುವ ದಂಡ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಅದು 3.15 ಇರುವ ಗಾಡಿಗಿಂತ 3.73 ಇರುವ ಗಾಡಿಯ ಚಕ್ರಕ್ಕೆ, ಅದೇ ಎಂಜಿನ್ ಅದೇ ಗೇರಿನಲ್ಲಿ, ಶೇ. 18ರಷ್ಟು ಜಾಸ್ತಿ ಬಲ ಸಿಗುತ್ತದೆ. ಹಿಂದಿನ ಮಾಲೀಕ ಅಂದಕ್ಕೆ ದೊಡ್ಡ ಟೈರ್ ಹಾಕಿಸಿದ್ದರೆ ಆ ಲಾಭ ಕರಗುತ್ತದೆ. ಹೊರೆಯ ಮಿತಿಯೂ ಎಂಜಿನ್ ಒಂದರಿಂದಲೇ ಬರುವುದಲ್ಲ. ಚಾಸಿ, ಬ್ರೇಕ್, ರೇಡಿಯೇಟರ್ ಎಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ.

ಕಡಿಮೆ ಸುತ್ತಿನ ಬಲದಲ್ಲಿ ಟರ್ಬೊ ಮುಂದಿದ್ದರೂ ನನ್ನ ಅಭಿಪ್ರಾಯ ಹೀಗಿದೆ. ದಿನವೂ ಭಾರ ಎಳೆಯುವವರಿಗೆ, ಸರ್ವಿಸ್ ದಾಖಲೆ ಸಿಗದ ಗಾಡಿ ಕೊಳ್ಳುವವರಿಗೆ, ಟರ್ಬೊ ಇಲ್ಲದ ದೊಡ್ಡ ಎಂಜಿನ್ ವಾಸಿ. ಕೆಡುವ ಭಾಗಗಳು ಕಡಿಮೆ. ಅಲ್ಲದೆ ಭಾರಿ ಹೊರೆಯಲ್ಲಿ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್, ಬಿಸಿ ತಗ್ಗಿಸಿಕೊಳ್ಳಲು ಹೆಚ್ಚುವರಿ ಪೆಟ್ರೋಲ್ ಸುರಿದುಕೊಳ್ಳುವುದೂ ಉಂಟು. ಆಗ ಮೈಲೇಜಿನ ಮಾತು ಮರೆತುಬಿಡಿ. ಬಹುಪಾಲು ಖಾಲಿ ಓಡಿಸುವವರಿಗೆ, ಗಾಳಿ ತೆಳುವಾದ ಬೆಟ್ಟಗಳ ಮೇಲೆ ಓಡಾಡುವವರಿಗೆ ಚಿಕ್ಕ ಟರ್ಬೊ ಒಳ್ಳೆಯದು. ಆದರೆ ಆಯಿಲ್ ಬದಲಿಸಿದ ದಾಖಲೆ ಇರಲೇಬೇಕು. ಟರ್ಬೊದ ದಂಡ ನಿಮಿಷಕ್ಕೆ 1,00,000 ಸುತ್ತನ್ನೂ ದಾಟುತ್ತದೆ, ಸವೆಯದಂತೆ ಕಾಯುವುದು ತೆಳುವಾದ ಎಣ್ಣೆಯ ಪದರ. ಎಣ್ಣೆ ಹಳತಾಗಿ ಕರಿಗಟ್ಟಿದರೆ ಬೇರಿಂಗ್ ಉಳಿಯುವುದಿಲ್ಲ.

ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ. ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಶುರುವಾದಾಗ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ. ಆಮೇಲೆ ಎಂಜಿನ್ ಆರಿಸಿ, ಟರ್ಬೊಗೆ ಗಾಳಿ ಹೋಗುವ ಪೈಪನ್ನು ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ, ಒಳಗಿನ ಚಕ್ರ ಅಲ್ಲಾಡಿಸಿ ನೋಡಿ. ಅಕ್ಕಪಕ್ಕ ಸ್ವಲ್ಪ ಆಡಿದರೆ ಚಿಂತೆಯಿಲ್ಲ. ಹಿಂದೆ ಮುಂದೆ ಆಡಿದರೆ, ಇಲ್ಲವೇ ಬ್ಲೇಡಿನ ತುದಿ ಗೋಡೆಗೆ ಉಜ್ಜಿದ ಗೀರು ಕಂಡರೆ, ಹೊಸ ಟರ್ಬೊ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.