ಎಫ್‌ಎಸ್‌ಎಲ್ ವರದಿ ಬಂದ ಮೇಲೂ ಡಾಕ್ಟರು ಕಟಕಟೆ ಹತ್ತಬೇಕೆ?

ಪ್ರಶ್ನೆ: ನಮ್ಮ ಭಾವನವರು ತೀರಿಕೊಂಡ ಕೇಸು ಚಿಕ್ಕಬಳ್ಳಾಪುರದ ಸೆಷನ್ಸ್ ಕೋರ್ಟಿನಲ್ಲಿದೆ. ಅವರ ಹೊಟ್ಟೆಯಲ್ಲಿ ಟೊಮೆಟೊಗೆ ಹೊಡೆಯುವ ಔಷಧಿ ಇತ್ತೆಂದು ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿದೆ. ಆದರೂ ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ ಸಾಕ್ಷಿಗೆಂದು ವಾಯಿದೆ ಹಾಕುತ್ತಿದ್ದಾರೆ. ತಜ್ಞರೇ ಬರೆದುಕೊಟ್ಟ ಮೇಲೆ ಇನ್ನೇನು ಬಾಕಿ?
– ಓದುಗರು, ಚಿಂತಾಮಣಿ

ಉತ್ತರ: ಮುಖ್ಯವಾದದ್ದೇ ಬಾಕಿ ಇದೆ. ಬಾಟಲಿಯಲ್ಲಿ ಬಂದ ಅಂಗದೊಳಗೆ ಏನಿತ್ತು ಎಂಬುದಷ್ಟನ್ನೇ ಎಫ್‌ಎಸ್‌ಎಲ್ ಹೇಳುತ್ತದೆ. ಸಾವಿಗೆ ಅದೇ ಕಾರಣವೇ ಎಂದು ಹೇಳಬೇಕಾದವರು ಡಾಕ್ಟರು. ವಿಷದ ಸಂಶಯವಿದ್ದಾಗ ಅವರು ಮೊದಲ ವರದಿಯಲ್ಲಿ ಅಭಿಪ್ರಾಯ ಕಾಯ್ದಿರಿಸಿ, ಎಫ್‌ಎಸ್‌ಎಲ್ ವರದಿ ಕೈಸೇರಿದ ಮೇಲೆ ಅಂತಿಮ ಅಭಿಪ್ರಾಯ ಕೊಡುತ್ತಾರೆ. ಆ ಎರಡನೆಯ ಕಾಗದ ಕಡತದಲ್ಲಿದೆಯೇ ಎಂದು ಮೊದಲು ನೋಡಿಸಿ.

ಎಫ್‌ಎಸ್‌ಎಲ್ ನಿರ್ದೇಶಕರು, ಉಪನಿರ್ದೇಶಕರು, ಸಹಾಯಕ ನಿರ್ದೇಶಕರ ವರದಿಯನ್ನು ಅವರನ್ನು ಕರೆಸದೆಯೂ ಸಾಕ್ಷ್ಯವಾಗಿ ಓದಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂ ಇದಕ್ಕೆ ಅವಕಾಶ ಕೊಡುತ್ತದೆ. 2024ರ ಜುಲೈ 1ಕ್ಕೆ ಮೊದಲೇ ವಿಚಾರಣೆ ನಡೆಯುತ್ತಿದ್ದ ಕೇಸಾದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 293ನೇ ಕಲಂ. ಶವಪರೀಕ್ಷೆಯ ಡಾಕ್ಟರು ಆ ಪಟ್ಟಿಯಲ್ಲಿಲ್ಲ. ಆರೋಪಿ ಕಡೆಯವರು ಅವರ ವರದಿಯನ್ನು ಒಪ್ಪಿಕೊಂಡರೆ ಸರಿ, ತಕರಾರು ತೆಗೆದರೆ ಡಾಕ್ಟರು ಬಂದು ಪಾಟಿ ಸವಾಲಿಗೆ ನಿಲ್ಲಬೇಕು.

ಪಾಟಿ ಸವಾಲಿನ ಬಹುಪಾಲು ನಡೆಯುವುದು ಬಾಟಲಿಗಳ ಮೇಲೆ. ಜಠರವನ್ನು ಒಳಗಿದ್ದ ಪದಾರ್ಥದ ಸಮೇತ, ಜೊತೆಗೆ ಸುಮಾರು 30 ಸೆಂ.ಮೀ. ಸಣ್ಣ ಕರುಳನ್ನು ಒಂದು ಬಾಟಲಿಗೆ ಹಾಕುತ್ತಾರೆ. ಪಿತ್ತಜನಕಾಂಗದ ತುಂಡು ಮತ್ತು ಎರಡೂ ಮೂತ್ರಪಿಂಡಗಳ ಅರ್ಧರ್ಧ ಇನ್ನೊಂದಕ್ಕೆ. ರಕ್ತ ಬೇರೆ. ಅಂಗಗಳು ಕೆಡದಿರಲು ಸಾಮಾನ್ಯವಾಗಿ ಬಳಸುವುದು, ಇನ್ನು ಕರಗದು ಎನ್ನುವಷ್ಟು ಉಪ್ಪು ಕರಗಿಸಿದ ನೀರು. ಫಾರ್ಮಲಿನ್ ಹಾಕಿದರೆ ಅಂಗಾಂಶ ಗಟ್ಟಿಯಾಗಿ ವಿಷವನ್ನು ಬೇರ್ಪಡಿಸುವುದೇ ಕಷ್ಟವಾಗುತ್ತದೆ. ಬಳಸಿದ ದ್ರಾವಣದ ಸ್ವಲ್ಪ ಭಾಗವನ್ನೂ ಪ್ರತ್ಯೇಕವಾಗಿ ಕಳಿಸಬೇಕು. ಇಲ್ಲದಿದ್ದರೆ ‘ವಿಷ ಆ ನೀರಿನಲ್ಲೇ ಇತ್ತೇನೋ’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಪ್ರತಿ ಬಾಟಲಿಗೂ ಚೀಟಿ ಅಂಟಿಸಿ ಅರಗಿನ ಮೊಹರು ಹಾಕುತ್ತಾರೆ, ಮೊಹರಿನ ಮಾದರಿಯನ್ನು ಬೇರೆ ಕಾಗದದ ಮೇಲೆ ಒತ್ತಿ ಕಳಿಸುತ್ತಾರೆ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ನಲ್ಲಿ ಎರಡನ್ನೂ ತಾಳೆ ನೋಡಿ, ಮೊಹರು ಸರಿಯಿತ್ತೆಂದು ವರದಿಯಲ್ಲಿ ನಮೂದಿಸುತ್ತಾರೆ. ನಮ್ಮ ತಿಳಿವಳಿಕೆಯಲ್ಲಿ ಇಡೀ ವರದಿಯಲ್ಲಿ ಮೊದಲು ಓದಬೇಕಾದ ಸಾಲು ಅದು. ಬಾಟಲಿಗಳು ಠಾಣೆಯಲ್ಲಿ ಎಷ್ಟು ದಿನ ಇದ್ದವು, ಯಾವ ಪೇದೆ ಒಯ್ದರು, ಎಫ್‌ಎಸ್‌ಎಲ್‌ಗೆ ಎಂದು ತಲುಪಿದವು ಎಂಬ ತಾರೀಕುಗಳನ್ನೂ ಜೋಡಿಸಿ ನೋಡಿ. ನಡುವೆ ಲೆಕ್ಕವಿಲ್ಲದ ದಿನಗಳಿದ್ದರೆ ಆರೋಪಿಯ ವಕೀಲರು ಹಿಡಿಯುವುದು ಅಲ್ಲೇ.

ಅಭಿಪ್ರಾಯಕ್ಕೆ ಕಾರಣವನ್ನೂ ಡಾಕ್ಟರು ಹೇಳಬೇಕು. ಆರ್ಗನೋಫಾಸ್ಫೇಟ್ ಕೀಟನಾಶಕವಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿತ್ತೇ, ಬಾಯಿ ಮೂಗಿನಲ್ಲಿ ನೊರೆ ಇತ್ತೇ, ಜಠರ ತೆರೆದಾಗ ಸೀಮೆಎಣ್ಣೆಯಂಥ ವಾಸನೆ ಬಂತೇ? ಇವು ಶವಪರೀಕ್ಷಾ ವರದಿಯಲ್ಲಿದ್ದರೆ ಅವರ ಮಾತಿಗೆ ತೂಕ. ಬರೀ ‘ವಿಷದಿಂದ ಸಾವು’ ಎಂಬ ಒಂದು ಸಾಲಿಗೆ ನ್ಯಾಯಾಧೀಶರು ಕಟ್ಟುಬೀಳಬೇಕಿಲ್ಲ. ತಜ್ಞರದು ಸಲಹೆ, ತೀರ್ಮಾನ ಕೋರ್ಟಿನದು.

ಇನ್ನೊಂದು ಮಾತು, ಇದನ್ನು ಕೇಳಲು ನಿಮಗೆ ನೋವಾಗಬಹುದು. ವಿಷ ಯಾರು ಕೊಟ್ಟರು ಎಂಬುದನ್ನು ಎಫ್‌ಎಸ್‌ಎಲ್ಲೂ ಹೇಳದು, ಡಾಕ್ಟರೂ ಹೇಳರು. ವಿಷವಿಕ್ಕಿದ ಕೊಲೆಯ ಕೇಸಿನಲ್ಲಿ ಉದ್ದೇಶ, ವಿಷದಿಂದಲೇ ಸಾವು, ಆರೋಪಿಯ ಬಳಿ ಆ ವಿಷ ಇದ್ದದ್ದು, ಕೊಡಲು ಅವಕಾಶ ಸಿಕ್ಕಿದ್ದು, ಈ ನಾಲ್ಕನ್ನೂ ನೋಡಬೇಕೆಂದು 1984ರ ಶರದ್ ಸಾರ್ದಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಜ್ಞರು ಆಸರೆಯಾಗುವುದು ಎರಡನೆಯದಕ್ಕೆ ಮಾತ್ರ. ಔಷಧಿ ಅಂಗಡಿಯ ಬಿಲ್ಲು, ಡಬ್ಬಿಯ ಮಹಜರು, ಅಂದು ಮನೆಯಲ್ಲಿದ್ದವರ ಸಾಕ್ಷಿ ಉಳಿದವಕ್ಕೆ ಬೇಕು.

ವಾಯಿದೆಗೆ ಮುಂಚೆ ಎರಡೂ ವರದಿಗಳ ಸರ್ಟಿಫೈಡ್ ಕಾಪಿ ಪಡೆದು, ಸರ್ಕಾರದ ಪರ ಕೇಸು ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರ್ (ಪಿಪಿ) ಅವರನ್ನು ಕಂಡು ಮಾತಾಡಿ. ನಿಮ್ಮದೇ ವಕೀಲರನ್ನು ಇಟ್ಟುಕೊಂಡರೆ ಅವರು ಪಿಪಿಯವರ ಸೂಚನೆಯಂತೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದವನ್ನೂ ಸಲ್ಲಿಸಬಹುದು.