ಸಹಿ ಹಾಕಿದ ಮೇಲೆ ಟ್ರಯಲ್ ಬಿಟ್ಟು ಬರಬಹುದಾ?

ಪ್ರಶ್ನೆ: ನಮ್ಮ ಅತ್ತಿಗೆಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋಯುವ ಕಾಯಿಲೆ. ಹೊಸ ಔಷಧಿಯ ಟ್ರಯಲ್‌ಗೆ ಸೇರಿ ಅಂತ ದಾವಣಗೆರೆಯ ಡಾಕ್ಟರು ಹೇಳಿದ್ದಾರೆ. ಒಂದು ಸಲ ಸಹಿ ಹಾಕಿದರೆ ಮುಗಿಯೋವರೆಗೂ ಬಿಡೋ ಹಾಗಿಲ್ಲ, ಬಿಟ್ಟರೆ ಅಲ್ಲಿವರೆಗಿನ ಖರ್ಚು ವಸೂಲಿ ಮಾಡ್ತಾರೆ ಅಂತಾರೆ. ನಿಜಾನಾ? (ಜಗಳೂರಿನ ಓದುಗರು)

ಉತ್ತರ: ಬಿಡಬಹುದು. ಯಾವತ್ತು ಬೇಕಾದರೂ ಬಿಡಬಹುದು, ಕಾರಣ ಹೇಳದೆಯೂ ಬಿಡಬಹುದು, ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ಇದೇ ಉತ್ತರವನ್ನು ಮೊಳಕಾಲ್ಮೂರಿನವರಿಗೂ ಕೊಟ್ಟಾಯಿತು, ಹೊನ್ನಾಳಿಯವರಿಗೂ ಕೊಟ್ಟಾಯಿತು. ಪ್ರಶ್ನೆ ಮಾತ್ರ ನಿಂತಿಲ್ಲ. ಈ ಸಲ ಬುಡದಿಂದಲೇ ನೋಡಿಬಿಡೋಣ.

ನಮ್ಮ ಕಡೆ ಸಹಿ ಅಂದರೆ ಒಂದೋ ಸಂಘದ ಸಾಲಕ್ಕೆ ಹಾಕುವ ಜಾಮೀನು, ಇಲ್ಲವೇ ಆಪರೇಷನ್‌ಗೆ ಮುಂಚೆ ಓದದೆ ಹಾಕುವ ಕಾಗದ. ಎರಡರಲ್ಲೂ ಸಿಕ್ಕಿಕೊಳ್ಳುವವರು ಸಹಿ ಹಾಕಿದವರೇ. ಟ್ರಯಲ್‌ನ ಸಮ್ಮತಿ ಪತ್ರ ಇದಕ್ಕೆ ಉಲ್ಟಾ, ಅದರಲ್ಲಿ ಕಟ್ಟುಬೀಳುವವರು ಟ್ರಯಲ್ ನಡೆಸುವವರು. ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅಂತ 2019ರಲ್ಲಿ ಬಂದಿವೆ. ಭಾಗವಹಿಸುವುದು ಸ್ವಂತ ಇಚ್ಛೆಯಿಂದ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಸರಿದರೆ ದಂಡವಿಲ್ಲ, ಮಾಮೂಲಿ ಚಿಕಿತ್ಸೆಗೂ ತೊಂದರೆಯಿಲ್ಲ ಎಂದು ಪತ್ರದಲ್ಲೇ ಬರೆದಿರಬೇಕು ಅನ್ನುತ್ತದೆ ಆ ನಿಯಮ. ಬರೆದಿರದ ಪತ್ರವನ್ನು ಎಥಿಕ್ಸ್ ಕಮಿಟಿ (ಭಾಗವಹಿಸುವವರ ಹಿತ ಕಾಯುವ ಸಮಿತಿ) ಪಾಸು ಮಾಡುವ ಹಾಗೇ ಇಲ್ಲ. ಅತ್ತಿಗೆಯ ಕೈಗೆ ಕನ್ನಡದ ಪ್ರತಿ ಬಂದ ತಕ್ಷಣ ಆ ಸಾಲು ಹುಡುಕಿ, ಅದರ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ.

ಜನ ಹೆದರುವುದು ಆ ಸಾಲಿನಿಂದಲ್ಲ, ಸಹಿಯ ಹಾಳೆಯಿಂದ. ಅಲ್ಲಿ ವಿಳಾಸ, ಓದು, ಉದ್ಯೋಗ, ವಾರ್ಷಿಕ ಆದಾಯ, ಕಡೆಗೆ ನಾಮಿನಿ ಹೆಸರು, ಸಂಬಂಧ ಎಲ್ಲ ಕೇಳುತ್ತಾರೆ. ಆದಾಯ ಮತ್ತು ನಾಮಿನಿ ಎರಡನ್ನೂ ನೋಡಿದ ಮಾವನವರು "ಇದು ಸಾಲದ ಪತ್ರಾನೇ" ಅಂದುಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ನಾಮಿನಿ ಕೇಳುವುದು ಟ್ರಯಲ್‌ನಿಂದಾಗಿ ಜೀವಕ್ಕೆ ಅಪಾಯವಾದರೆ ಪರಿಹಾರದ ಹಣ ಯಾರಿಗೆ ಹೋಗಬೇಕು ಅಂತ ಗೊತ್ತಿರಲಿ ಎಂದು. ದುಡ್ಡು ಬರುವ ದಾರಿ ಅದು, ಹೋಗುವ ದಾರಿಯಲ್ಲ. ಇದನ್ನು ಬಿಡಿಸಿ ಹೇಳದೆ "ಇಲ್ಲಿ ಸೈನ್ ಮಾಡಿ" ಅನ್ನುವ ಕೋಆರ್ಡಿನೇಟರ್‌ಗೆ (ಟ್ರಯಲ್‌ನ ದಿನನಿತ್ಯದ ಕೆಲಸ ನೋಡಿಕೊಳ್ಳುವವರು), ರೋಗಿಗಳು ಯಾಕೆ ಸಿಗುತ್ತಿಲ್ಲ ಅಂತ ಗೊಣಗುವ ಹಕ್ಕಿಲ್ಲ.

ಎರಡನೇ ಹೆದರಿಕೆ ಕ್ಯಾಮೆರಾ. ಕೆಲವು ಟ್ರಯಲ್‌ಗಳಲ್ಲಿ ಸಮ್ಮತಿ ಪಡೆಯುವುದನ್ನು ವಿಡಿಯೊ ಮಾಡುತ್ತಾರೆ. ಸಂಪೂರ್ಣ ಹೊಸ ಔಷಧಿಯಾಗಿದ್ದು, ಸುಲಭವಾಗಿ ಒತ್ತಡಕ್ಕೆ ಸಿಲುಕಬಹುದಾದವರು ಸೇರುತ್ತಿದ್ದರೆ ಅದು ಕಡ್ಡಾಯ. ಆ ರೆಕಾರ್ಡಿಂಗ್ ಸಾಕ್ಷಿಯೇ ಹೌದು, ಆದರೆ ನಿಮ್ಮ ವಿರುದ್ಧ ಅಲ್ಲ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರೋ, ಪ್ರಶ್ನೆ ಕೇಳಲು ಬಿಟ್ಟರೋ ಅಂತ ಆಮೇಲೆ ತಪಾಸಣೆಗೆ ಬಂದವರು ನೋಡುವುದಕ್ಕೆ. ಹೆಬ್ಬೆಟ್ಟು ಒತ್ತುವವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಪಕ್ಕದಲ್ಲಿ ಕೂತಿರಬೇಕು. ಸಹಿಯಾದ ಪತ್ರದ ಒಂದು ಪ್ರತಿ ಮನೆಗೆ ಬರಲೇಬೇಕು.

ಇನ್ನು ಖರ್ಚು ವಸೂಲಿ. ಟ್ರಯಲ್ ಔಷಧಿ, ಟ್ರಯಲ್‌ಗಾಗಿ ಮಾಡುವ ರಕ್ತಪರೀಕ್ಷೆ ಪ್ರಾಯೋಜಕರ, ಅಂದರೆ ಟ್ರಯಲ್ ಮಾಡಿಸುವವರ ಲೆಕ್ಕ. ಓಡಾಟಕ್ಕೆಂದು ಕೊಡುವ ಹಣ ಸಾಮಾನ್ಯವಾಗಿ ಭೇಟಿಯ ಲೆಕ್ಕದಲ್ಲಿ ಇರುತ್ತದೆ, ಮೂರು ಭೇಟಿಯಾದ ಮೇಲೆ ಬಿಟ್ಟರೆ ಆ ಮೂರರ ಹಣ ನಿಮ್ಮದೇ. ಯಾರಾದರೂ ಟ್ರಯಲ್ ಗುಳಿಗೆಗೆ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಪತ್ರದಲ್ಲಿ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಪಡೆದು ಸಿಟಿಆರ್‌ಐ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿದರೆ ಟ್ರಯಲ್ ಅಸಲಿಯೋ ಅಲ್ಲವೋ ತಿಳಿಯುತ್ತದೆ. 2009ರ ಜೂನ್‌ನಿಂದ ಈ ನೋಂದಣಿ ಕಡ್ಡಾಯ.

ಬಿಡುವುದರಲ್ಲೂ ಮೂರು ಬಗೆ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗುಳಿಗೆ ಮಾತ್ರ ನಿಲ್ಲಿಸಿ ಭೇಟಿಗೆ ಬರುತ್ತಿರಬಹುದು. ಭೇಟಿಯನ್ನೂ ಬಿಟ್ಟು ಫೋನಿನಲ್ಲಿ ಮಾತ್ರ ನೋವು ಹೇಗಿದೆ ಅಂತ ತಿಳಿಸುತ್ತಿರಬಹುದು. ಎಲ್ಲವನ್ನೂ ನಿಲ್ಲಿಸಿ, ಇನ್ನು ನನ್ನನ್ನು ಸಂಪರ್ಕಿಸಬೇಡಿ ಅನ್ನಲೂಬಹುದು, ಆಗಲೂ ಅಲ್ಲಿಯವರೆಗಿನ ಮಾಹಿತಿ ಕಡತದಲ್ಲಿ ಉಳಿಯುತ್ತದೆ. ಟ್ರಯಲ್‌ನವರಿಗೆ ತಲೆನೋವು ತರುವುದು ಈ ಮೂರರಲ್ಲಿ ಯಾವುದೂ ಅಲ್ಲ, ಹೇಳದೆ ಕೇಳದೆ ಫೋನ್ ಸ್ವಿಚ್ ಆಫ್ ಮಾಡುವುದು. ಗುಳಿಗೆ ಆಗಿಬರದೆ ಬಿಟ್ಟಿರೋ, ಮೆಕ್ಕೆಜೋಳದ ಕಟಾವಿಗೆ ಹೋದಿರೋ ಅವರಿಗೆ ಗೊತ್ತಾಗುವುದಿಲ್ಲ. ಆಗಿಬರದವರೆಲ್ಲ ಸದ್ದಿಲ್ಲದೆ ಜಾರಿಕೊಂಡರೆ ಉಳಿದವರ ಅಂಕಿ ನೋಡಿ ಕೆಟ್ಟ ಔಷಧಿಯೂ ಒಳ್ಳೆಯದೆನಿಸುತ್ತದೆ.

ಬಿಡುವಾಗ ಒಂದೇ ಎಚ್ಚರ: ಗುಳಿಗೆಯನ್ನು ದಿಢೀರನೆ ನಿಲ್ಲಿಸಬೇಡಿ. ಈ ನೋವಿಗೆ ಕೊಡುವ ಔಷಧಿಗಳಲ್ಲಿ ಪ್ರಿಗಾಬಲಿನ್ ಆದರೆ ಕನಿಷ್ಠ ಒಂದು ವಾರದಲ್ಲಿ ಇಳಿಸುತ್ತ ಬರಬೇಕು. ಡುಲೊಕ್ಸೆಟಿನ್ ಒಮ್ಮೆಲೇ ನಿಂತರೆ ತಲೆಸುತ್ತು, ವಾಕರಿಕೆ, ಸಿಡಿಮಿಡಿ. ಎಷ್ಟೋ ಟ್ರಯಲ್‌ಗಳಲ್ಲಿ ಯಾರಿಗೆ ಯಾವ ಗುಳಿಗೆ ಅಂತ ಮುಚ್ಚಿಟ್ಟಿರುತ್ತಾರೆ, ನಿಮಗೆ ಕೊಟ್ಟದ್ದು ಯಾವುದು ಅಂತ ನಿಮಗೇ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಮೊದಲು ಫೋನ್ ಮಾಡಿ. ಡಾಕ್ಟರ ನಂಬರು, ಎಥಿಕ್ಸ್ ಕಮಿಟಿಯ ನಂಬರು ಎರಡೂ ಪತ್ರದಲ್ಲಿರುತ್ತವೆ. ಉಳಿದ ಗುಳಿಗೆ, ಖಾಲಿ ಸ್ಟ್ರಿಪ್ ಎಲ್ಲ ವಾಪಸ್ ಕೊಡಿ.

ನಿಜವಾಗಿ ಜನ ಉದುರುವುದು ಎಲ್ಲಿ ಗೊತ್ತಾ? ಔಷಧಿ ಶುರುವಾಗುವ ಮೊದಲೇ, ವಾಶ್‌ಔಟ್‌ನಲ್ಲಿ. ಹಳೆಯ ನೋವಿನ ಗುಳಿಗೆಗಳ ಪ್ರಭಾವ ಮೈಯಿಂದ ಹೋಗಲಿ ಎಂದು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ ಅವನ್ನು ನಿಲ್ಲಿಸುತ್ತಾರೆ. ರಾತ್ರಿ ಅಮಿಟ್ರಿಪ್ಟಿಲಿನ್ ತಗೊಂಡು ಮಲಗುತ್ತಿದ್ದವರಿಗೆ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ನೋವು ಏರುತ್ತದೆ. "ಟ್ರಯಲ್‌ಗೆ ಸೇರಿ ಜಾಸ್ತಿಯಾಯ್ತು" ಅಂತ ಮನೆಯವರೇ ಬಿಡಿಸುತ್ತಾರೆ. ಹೀಗಾಗುತ್ತದೆ ಎಂದು ಟ್ರಯಲ್‌ನವರು ಮೊದಲೇ ಹೇಳಿ, ತಡೆಯಲಾಗದಿದ್ದರೆ ಎಷ್ಟು ಪ್ಯಾರಾಸಿಟಮಾಲ್ ತಗೊಳ್ಳಬಹುದು ಅಂತ ಚೀಟಿಯಲ್ಲಿ ಬರೆದುಕೊಟ್ಟು, ಆ ವಾರಗಳಲ್ಲಿ ಫೋನ್ ಮಾಡಿ ವಿಚಾರಿಸಿದರೆ ಅರ್ಧ ಕೆಲಸ ಆದ ಹಾಗೆ.

ಉಳಿದದ್ದೆಲ್ಲ ಹೊತ್ತು ಗೊತ್ತಿನ ವಿಷಯ. ಬೆಳಿಗ್ಗೆ ಮೈ ಹಿಡಿದುಕೊಂಡಿರುವ ಹೆಂಗಸಿಗೆ 8 ಗಂಟೆಯ ಭೇಟಿ ಕೊಟ್ಟರೆ ಜಗಳೂರಿನಿಂದ ಹೇಗೆ ಬಂದಾರು? 11ರ ಮೇಲೆ ಕೇಳಿ ಪಡೆಯಿರಿ. ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಇರುವ ದಿನ ಮಾತ್ರ ಬೇಗ ಬರಬೇಕು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ನಿಜ, ಆದರೆ ಜೊತೆಗೆ ಬರುವ ಗಂಡನ ಟಿಕೆಟ್, ಬಸ್‌ಸ್ಟ್ಯಾಂಡಿನಿಂದ ಆಟೊ, ಇಬ್ಬರದೂ ಹೋದ ಒಂದು ದಿನದ ಕೂಲಿ ಉಚಿತವಲ್ಲ. ಬರೀ ಬಸ್ ಚಾರ್ಜಿನ ಲೆಕ್ಕ ಹಾಕಿದ ಟ್ರಯಲ್‌ನವರ ಬಜೆಟ್ ದುಗ್ಗಮ್ಮನ ಜಾತ್ರೆ ಬರುವಷ್ಟರಲ್ಲಿ ಕುಸಿಯುತ್ತದೆ. ಈ ಕಾಯಿಲೆಯಲ್ಲಿ ಮರೆವೂ ಸೇರಿರುತ್ತದೆ, ಹಾಗಾಗಿ ಎರಡು ಗಂಟೆ ಒಂದೇ ಸಮನೆ ವಿವರಿಸಿದರೆ ತಲೆಯಲ್ಲಿ ನಿಲ್ಲದು. ಎರಡು ದಿನ ಮಾಡಿಕೊಂಡು ಹೇಳಿ ಅಂತ ಕೇಳಿ, ಅದಕ್ಕೂ ನಿಮಗೆ ಹಕ್ಕಿದೆ.

ನೀವು ಕೇಳಿಲ್ಲ, ಆದರೂ ಟ್ರಯಲ್‌ನಲ್ಲಿ ತುಂಬಬೇಕಾದ ನೋವಿನ ಡೈರಿಯ ಬಗ್ಗೆ ಹೇಳಿಬಿಡುತ್ತೇನೆ. ದಿನಕ್ಕೊಮ್ಮೆ, ಹಿಂದಿನ 24 ಗಂಟೆಯ ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು. ಸೇರಿಸಿಕೊಳ್ಳಲು ಸರಾಸರಿ ಎಷ್ಟಿರಬೇಕು ಅಂತ ಕೋಆರ್ಡಿನೇಟರ್ ಹೇಳುವುದಿಲ್ಲ, ಹೇಳಲೂಬಾರದು. ಸೇರಲೇಬೇಕೆಂದು ಮೊದಲ ವಾರ ಎಲ್ಲಾ ದಿನವೂ 10 ಬರೆದವರ ಅಂಕ ಆಮೇಲೆ ತಾನಾಗಿ ಇಳಿಯುತ್ತದೆ, ಹೋಲಿಕೆಗೆಂದು ಔಷಧಿಯಿಲ್ಲದ ಸಕ್ಕರೆ ಗುಳಿಗೆ ಸಿಕ್ಕವರದೂ ಇಳಿಯುತ್ತದೆ. ಆಗ ಎರಡು ಗುಂಪಿಗೂ ವ್ಯತ್ಯಾಸ ಕಾಣದೆ ಒಳ್ಳೆಯ ಔಷಧಿಯೂ ಫೇಲು. ಅಲ್ಲದೆ ಕೆಲವು ಟ್ರಯಲ್‌ಗಳು ಅತಿ ಹೆಚ್ಚು ಸರಾಸರಿಯವರನ್ನೂ ಸೇರಿಸುವುದಿಲ್ಲ, ಜಾಣತನ ಮಾಡಲು ಹೋಗಿ ಹೊರಗೇ ಉಳಿದಂತಾಗುತ್ತದೆ. ನೋವು 10 ಅಂದರೆ ಊಹಿಸಬಲ್ಲ ಅತಿ ಕೆಟ್ಟ ನೋವು. ಮುಸುರೆ ತಿಕ್ಕಿ, ರೊಟ್ಟಿ ತಟ್ಟಿ, ಬಸ್ ಹತ್ತಿ ಬಂದ ದಿನ 10 ಅಲ್ಲ.

ದಿನಾ ರಾತ್ರಿ ಮಲಗುವ ಮುಂಚೆ ಅಂತಿದ್ದರೆ ಅದೇ ಹೊತ್ತಿಗೆ ಬರೆಯಿರಿ. ಭೇಟಿಯ ದಿನ ಬಸ್ಸಿನಲ್ಲಿ ಕೂತು ಒಂದು ವಾರದ್ದನ್ನು ಒಟ್ಟಿಗೆ ತುಂಬಬೇಡಿ, ಮೊಬೈಲ್ ಡೈರಿಯಾದರೆ ತುಂಬಿದ ಸಮಯ ಅದರಲ್ಲೇ ದಾಖಲಾಗಿರುತ್ತದೆ. ಮರೆತ ದಿನ ಖಾಲಿ ಇದ್ದರೆ ಯಾರೂ ಬಯ್ಯುವುದಿಲ್ಲ, ಹಾಗೇ ಬಿಡಿ.